ಹಳೇ ರೋಡ್‌ಕಿಂಗ್‌ನ ಶಾಕಬ್ಸರ್, ಚಕ್ರ ಮತ್ತು ವಯಸ್ಸನ್ನಷ್ಟೇ ಎಣಿಸುವ ಕಾನೂನು

ಹಳೇ ಯೆಜ್ಡಿ ರೋಡ್‌ಕಿಂಗ್ ಕೊಂಡವರು ಮೊದಲು ಎಲ್ಲಿ ದುಡ್ಡು ಸುರೀತಾರೆ? ಪೇಂಟು, ಕ್ರೋಮು, ಜೋಡಿ ಸೈಲೆನ್ಸರು. ಆಮೇಲೆ ಎಂಜಿನ್ನು. ಟೈರು, ಶಾಕಬ್ಸರು, ಸ್ಪೋಕು, ಬೇರಿಂಗು ಇವೆಲ್ಲ 'ಮುಂದಿನ ತಿಂಗಳು ನೋಡೋಣ' ಅನ್ನೋ ಪಟ್ಟಿಗೆ ಸೇರುತ್ತವೆ. ಆ ಮುಂದಿನ ತಿಂಗಳು ಬರುವುದೇ ಇಲ್ಲ. ಫೋಟೋದಲ್ಲಿ ಮಿರಮಿರ ಮಿಂಚುವ ಗಾಡಿ ಗುಂಡಿ ಕಂಡ ಕೂಡಲೇ ಕುದುರೆಯ ಹಾಗೆ ಕುಣಿಯುತ್ತೆ.

ಇನ್ನೊಂದು ಗುಂಪಿದೆ. ಅವರು ಚಕ್ರಕ್ಕೂ ಸಸ್ಪೆನ್ಶನ್ನಿಗೂ ದುಡ್ಡು ಹಾಕ್ತಾರೆ, ಧಾರಾಳವಾಗಿಯೇ ಹಾಕ್ತಾರೆ. ಅಲಾಯ್ ವೀಲು, ದಪ್ಪ ಟೈರು, ಬೇರೆ ಯಾವುದೋ ಗಾಡಿಯಿಂದ ಕಿತ್ತು ತಂದ ಫೋರ್ಕು, ಚಾಸಿ ಕತ್ತರಿಸಿ ಬೆಸೆದ ಮೊನೋಶಾಕು. ನೋಡಲು ಜೋರಾಗಿರುತ್ತೆ. ಓಡಿಸಿದರೆ ಹಲವು ಸಲ ಮೊದಲಿದ್ದ ಗಾಡಿಯೇ ವಾಸಿ ಅನ್ನಿಸುತ್ತೆ. ಜೊತೆಗೆ ಕಾನೂನಿನ ತೊಡಕು ಬೇರೆ.

ಇವೆರಡರ ನಡುವೆ ಮೂರನೇ ದಾರಿಯೊಂದಿದೆ. ಗಾಡಿ ಕಾರ್ಖಾನೆಯಿಂದ ಹೊರಬಂದಾಗ ಸಸ್ಪೆನ್ಶನ್ನೂ ಚಕ್ರವೂ ಯಾವ ಅಳತೆಯಲ್ಲಿ, ಯಾವ ಹದದಲ್ಲಿ ಇದ್ದವೋ ಅಲ್ಲಿಗೆ ವಾಪಸ್ ತರುವುದು. ಖರ್ಚು ಕಮ್ಮಿ, ಲಾಭ ಜಾಸ್ತಿ. ಈ ದಾರಿಯನ್ನು ಗುರುತಿಸುವ ಕಣ್ಣು ಮಾತ್ರ ನಮ್ಮ ಮಾರುಕಟ್ಟೆಗೂ ಇಲ್ಲ, ಕಾನೂನಿಗೂ ಇಲ್ಲ. ಯೆಜ್ಡಿಯ ನೆಪದಲ್ಲಿ ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಒಂದೇ ಊರಿನ ಎರಡು ಕಾರ್ಖಾನೆ

ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಬೈಕು ತಯಾರಿಸಲು ಶುರು ಮಾಡಿದ್ದು 1961ರಲ್ಲಿ. ಅಂದಿನ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ, ಇರಾನಿ ಕುಟುಂಬದ ಬಂಡವಾಳ, ಮಹಾರಾಜ ಜಯಚಾಮರಾಜ ಒಡೆಯರ್ ಅವರ ಬೆಂಬಲ. 1970ರ ದಶಕದಲ್ಲಿ ಪರವಾನಗಿ ಮುಗಿದ ಮೇಲೆ ಅದೇ ಕಾರ್ಖಾನೆ ಯೆಜ್ಡಿ ಅನ್ನೋ ಹೆಸರಲ್ಲಿ ಬೈಕು ಮಾಡಿತು. 1978ರಲ್ಲಿ ಬಂದ ರೋಡ್‌ಕಿಂಗ್ ಆ ಮನೆಯ ಸ್ಪೋರ್ಟ್ಸ್ ಬೈಕು. 250 ಸಿಸಿ, ಟೂ ಸ್ಟ್ರೋಕ್, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್. ರೇಸಿಗೂ ರ‍್ಯಾಲಿಗೂ ಹೋಗುತ್ತಿದ್ದ ಹುಡುಗರ ಮೆಚ್ಚಿನ ಗಾಡಿ. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಕಾರ್ಮಿಕರ ತಗಾದೆ, ಜಪಾನಿ ತಂತ್ರಜ್ಞಾನದ 100 ಸಿಸಿ ಬೈಕುಗಳ ಪೈಪೋಟಿ, ಬಿಗಿಯಾಗುತ್ತಿದ್ದ ಹೊಗೆಯ ನಿಯಮ, ಎಲ್ಲ ಸೇರಿ ಮುಚ್ಚಿತು. ಅಲ್ಲಿಗೆ ಬಿಡಿಭಾಗಗಳ ಅಧಿಕೃತ ಮೂಲವೂ ಬತ್ತಿತು.

ಅದೇ ಊರಿನ ಇನ್ನೊಂದು ಬದಿಯಲ್ಲಿ, ಅಶೋಕಪುರಂನಲ್ಲಿ, ರೈಲ್ವೆ ವರ್ಕ್‌ಶಾಪಿದೆ. ಸಂಸ್ಥಾನದ ಕಾಲದ್ದು, ಇವತ್ತಿಗೂ ನಡೀತಿದೆ. ಅಶೋಕಪುರಂ ಅಂದರೆ ಅಂಬೇಡ್ಕರ್ ಚಿಂತನೆ, ದಲಿತ ಚಳವಳಿ ಮೊದಲು ನೆನಪಾಗುತ್ತೆ. ಆ ಬಡಾವಣೆಯ ಬದುಕಿನಲ್ಲಿ ವರ್ಕ್‌ಶಾಪಿನ ಕೆಲಸವೂ ಬೆರೆತಿದೆ. ಅಲ್ಲಿ ನಡೆಯೋದು ರೈಲು ಕೋಚುಗಳ ನಿಯತಕಾಲಿಕ ದುರಸ್ತಿ. ಇಷ್ಟು ಕಾಲ ಓಡಿದ ಮೇಲೆ ಪ್ರತಿ ಕೋಚನ್ನೂ ಕಡ್ಡಾಯವಾಗಿ ತಂದು, ಡಬ್ಬಿಯನ್ನು ಮೇಲಕ್ಕೆತ್ತಿ, ಕೆಳಗಿರುವ ಚಕ್ರದ ಚೌಕಟ್ಟನ್ನು ಬಿಚ್ಚುತ್ತಾರೆ. ನಾವು ಇಡೀ ಡಬ್ಬಿಗೇ ಬೋಗಿ ಅಂತೀವಲ್ಲ, ರೈಲ್ವೆಯವರ ಲೆಕ್ಕದಲ್ಲಿ ಬೋಗಿ ಅಂದ್ರೆ ಆ ಕೆಳಗಿನ ಚೌಕಟ್ಟು ಮಾತ್ರ. ಸವೆದ ಚಕ್ರವನ್ನು ಲೇತಿಗೆ ಹಾಕಿ ಮತ್ತೆ ಸರಿಯಾದ ಆಕಾರಕ್ಕೆ ತರುತ್ತಾರೆ, ಬೇರಿಂಗ್ ಪರೀಕ್ಷಿಸುತ್ತಾರೆ, ಸ್ಪ್ರಿಂಗುಗಳ ಮೇಲೆ ಭಾರ ಹೇರಿ ಅಳೆಯುತ್ತಾರೆ, ಶಾಕಬ್ಸರ್ ತಪಾಸಣೆ ಮಾಡುತ್ತಾರೆ.

ಅಂದರೆ ಈ ಬರಹದ ವಿಷಯ ಏನಿದೆಯೋ, ಹಳೇ ಗಾಡಿಯ ಸಸ್ಪೆನ್ಶನ್ ಮತ್ತು ಚಕ್ರವನ್ನು ಅಗ್ಗದಲ್ಲಿ ಹದಕ್ಕೆ ತರುವುದು, ಅದನ್ನು ಸರ್ಕಾರವೇ ಅಶೋಕಪುರಂನಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡ್ತಾ ಬಂದಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕಾನೂನಿನ ವಿಷಯ ಬಂದಾಗ ಬೇಕಾಗುತ್ತೆ.

ಸ್ಪ್ರಿಂಗು ಹೊರುತ್ತೆ, ಎಣ್ಣೆ ತಡೆಯುತ್ತೆ

ಸಸ್ಪೆನ್ಶನ್ ಇರೋದು ಸೊಂಟ ನೋಯದಿರಲಿ ಅಂತ ಎಂದು ಬಹಳಷ್ಟು ಜನ ಅಂದುಕೊಂಡಿದ್ದಾರೆ. ಅದು ಎರಡನೇ ಕೆಲಸ. ಮೊದಲನೇ ಕೆಲಸ ಟೈರನ್ನು ನೆಲಕ್ಕೆ ಅಂಟಿಸಿಡೋದು. ನೆಲ ಬಿಟ್ಟ ಟೈರು ಬ್ರೇಕೂ ಹಿಡಿಯಲ್ಲ, ತಿರುಗಿಸಿದ ಕಡೆಗೂ ತಿರುಗಲ್ಲ.

ಇದರಲ್ಲಿ ಎರಡು ಭಾಗ. ಸ್ಪ್ರಿಂಗು ಭಾರ ಹೊರುತ್ತೆ, ಏಟು ಬಿದ್ದಾಗ ಆ ಶಕ್ತಿಯನ್ನು ಕೂಡಿಟ್ಟುಕೊಂಡು ವಾಪಸ್ ಕೊಡುತ್ತೆ. ಸ್ಪ್ರಿಂಗ್ ಒಂದೇ ಇದ್ದರೆ ಗುಂಡಿ ದಾಟಿದ ಮೇಲೂ ಗಾಡಿ ಕುಣೀತಾನೇ ಇರುತ್ತೆ. ಕುಣಿತ ನಿಲ್ಲಿಸೋಕೆ ಎಣ್ಣೆ ಬೇಕು. ಶಾಕಬ್ಸರಿನೊಳಗೆ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗಬೇಕಾಗುತ್ತೆ. ಆ ಒದ್ದಾಟದಲ್ಲಿ ಚಲನೆಯ ಶಕ್ತಿ ಶಾಖವಾಗಿ ಹೋಗುತ್ತೆ. ಇದೇ ಡ್ಯಾಂಪಿಂಗ್. ನಮ್ಮ ರೈಲುಗಳಲ್ಲಿ ದಶಕಗಳಿಂದ ಓಡುತ್ತಿರುವ ಐಸಿಎಫ್ ಮಾದರಿಯ ನೀಲಿ ಕೋಚುಗಳಲ್ಲೂ ಚಕ್ರದ ಪಕ್ಕದ ಸ್ಪ್ರಿಂಗಿನ ನಡುವೆ ಎಣ್ಣೆ ತುಂಬಿದ ಕೊಳವೆ ಇರುತ್ತೆ, ಕೆಲಸ ಮಾಡೋದು ಇದೇ ತತ್ವದ ಮೇಲೆ. ರೋಡ್‌ಕಿಂಗ್‌ನ ಮುಂದಿನ ಫೋರ್ಕಿಗೂ ಕೋಚಿನ ಆ ಕೊಳವೆಗೂ ಗಾತ್ರ ಬೇರೆ, ಭೌತಶಾಸ್ತ್ರ ಒಂದೇ.

ಸಣ್ಣ ಲೆಕ್ಕ ಮಾಡೋಣ. ನೀವು ಕೂತಾಗ ಗಾಡಿ 5 ಸೆಂ.ಮೀ. ಕುಗ್ಗುತ್ತೆ ಅಂದುಕೊಳ್ಳಿ. ಹಾಗಿರುವ ಸ್ಪ್ರಿಂಗ್ ತಡೆಯಿಲ್ಲದೆ ಕುಣಿದರೆ ಸೆಕೆಂಡಿಗೆ ಸುಮಾರು 2.2 ಸಲ ಮೇಲೆ ಕೆಳಗೆ ಆಡುತ್ತೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಹೋಗಿರುತ್ತೆ. ಎಣ್ಣೆ ಸೋರಿಹೋದ ಶಾಕಬ್ಸರ್ ಎರಡು ಸೆಕೆಂಡ್ ಕುಣಿದರೆ 34 ಮೀಟರ್ ದಾರಿಯಲ್ಲಿ ಟೈರು ನೆಲವನ್ನು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಹಿಡಿದಿರುತ್ತೆ. ಆ ಸಡಿಲ ಕ್ಷಣದಲ್ಲೇ ಎದುರಿಗೆ ನಾಯಿ ಅಡ್ಡ ಬಂದರೆ ಬ್ರೇಕು ನಿಮ್ಮ ಮಾತು ಕೇಳಲ್ಲ.

ಮೂರನೇ ಅಂಶವೊಂದಿದೆ. ಸ್ಪ್ರಿಂಗಿನ ಕೆಳಗಿನ ಭಾರ. ಚಕ್ರ, ಟೈರು, ಹಬ್ಬು, ಬ್ರೇಕ್ ಡ್ರಮ್ಮು ಇವುಗಳ ಭಾರವನ್ನು ಸ್ಪ್ರಿಂಗ್ ಹೊರಲ್ಲ, ಇವು ನೇರವಾಗಿ ಗುಂಡಿಗೆ ಇಳಿದು ಏಳುತ್ತವೆ. ಈ ಭಾರ ಹೆಚ್ಚಿದಷ್ಟೂ ಸಸ್ಪೆನ್ಶನ್ನಿಗೆ ಚಕ್ರವನ್ನು ಅಂಕೆಯಲ್ಲಿಡೋದು ಕಷ್ಟ. ಆದ್ದರಿಂದಲೇ ದಪ್ಪ ಟೈರು, ಭಾರದ ಅಗ್ಗದ ಅಲಾಯ್ ಹಾಕಿದಾಗ ಗಾಡಿ ಒರಟಾಗುತ್ತೆ. 'ಅಲಾಯ್ ಅಂದ್ರೆ ಹಗುರ' ಅನ್ನೋದು ಎಲ್ಲ ಸಲವೂ ನಿಜವಲ್ಲ, ಎರಕ ಹೊಯ್ದ ಅಗ್ಗದ ಚಕ್ರಗಳು ಸ್ಪೋಕ್ ಚಕ್ರಕ್ಕಿಂತ ಭಾರ ಇರಬಹುದು. ಅಲಾಯ್‌ಗೂ ಒಂದು ಒಳ್ಳೇ ಗುಣವಿದೆ: ಟ್ಯೂಬ್‌ಲೆಸ್ ಟೈರು ಹಾಕಬಹುದು, ಪಂಚರ್ ಆದಾಗ ಗಾಳಿ ನಿಧಾನಕ್ಕೆ ಹೋಗುತ್ತೆ. ಆದರೆ ಗುಂಡಿಗೆ ಬಿದ್ದು ಸೊಟ್ಟಗಾದ ಸ್ಪೋಕ್ ರಿಮ್ಮನ್ನು ಕಸುಬು ಗೊತ್ತಿರುವವರು ಸ್ಪೋಕ್ ಎಳೆದು ಬೆಂಡು ತೆಗೀತಾರೆ. ಬಿರುಕು ಬಿಟ್ಟ ಅಲಾಯನ್ನು ಬೆಸೆದು ಓಡಿಸೋದು ಜೂಜು.

ಖರ್ಚಿಲ್ಲದ ತಪಾಸಣೆ ಮೊದಲು

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಅರ್ಧ ಗಂಟೆ ಕೊಡಿ. ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ.

ಟೈರಿನ ಬದಿ ನೋಡಿ. ಅಲ್ಲಿ ನಾಲ್ಕು ಅಂಕಿಯ ಗುರುತಿರುತ್ತೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದ ಟೈರು ಅಂತ ಅರ್ಥ. ಗುಬುಟು ಎಷ್ಟೇ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ ಆ ಟೈರು ಮುಗಿದ ಹಾಗೆ.

ಚಕ್ರವನ್ನು ಕೈಯಲ್ಲಿ ತಿರುಗಿಸಿ. ಫೋರ್ಕಿನ ಪಕ್ಕ ಒಂದು ಪೆನ್ಸಿಲ್ ಹಿಡಿದರೆ ರಿಮ್ಮು ಎಷ್ಟು ಔಟಾಗಿದೆ ಅಂತ ಕಾಣುತ್ತೆ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿ. ಟಕಟಕ ಅಂದರೆ ಬೇರಿಂಗ್ ಹೋಗಿದೆ. ಸ್ಪಾನರಿನಿಂದ ಸ್ಪೋಕುಗಳನ್ನು ಒಂದೊಂದಾಗಿ ತಟ್ಟಿ. ಬಿಗಿಯಾದದ್ದು ಟಿಂಗ್ ಅನ್ನುತ್ತೆ, ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತೆ.

ಹಿಂದಿನ ಚಕ್ರವನ್ನು ಎಡಕ್ಕೆ ಬಲಕ್ಕೆ ತಳ್ಳಿ. ಚಕ್ರದ ಜೊತೆ ಸ್ವಿಂಗ್ ಆರ್ಮ್ ಕೂಡ ಆಡಿದರೆ ಅದರ ಬುಷ್ ಸವೆದಿದೆ. ಗಾಡಿ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಮುಂದಕ್ಕೆ ಹಿಂದಕ್ಕೆ ತಳ್ಳಿ. ಹ್ಯಾಂಡಲ್ ಬುಡದಲ್ಲಿ ಕುಟ್ಟಿದ ಹಾಗಾದರೆ ಕೋನ್‌ಸೆಟ್ ಬಿಗಿ ಮಾಡಬೇಕು ಅಥವಾ ಬದಲಿಸಬೇಕು. ಕೊನೆಗೆ ಸೀಟನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಡ್ಯಾಂಪಿಂಗ್ ಸತ್ತಿದೆ.

ದುಡ್ಡು ಯಾವ ಕ್ರಮದಲ್ಲಿ ಹಾಕಬೇಕು

ಕಮ್ಮಿ ದುಡ್ಡಿಗೆ ಹೆಚ್ಚು ಫಲ ಕೊಡುವ ಕ್ರಮ ಇದು. ರೂಪಾಯಿ ಲೆಕ್ಕ ಬರೀ ಅಂದಾಜು, ಊರು, ಅಂಗಡಿ, ಬ್ರ್ಯಾಂಡ್ ನೋಡಿ ಹೆಚ್ಚುಕಮ್ಮಿ ಆಗುತ್ತೆ.

ಮೊದಲನೆಯದು ಟೈರು. ರೋಡ್‌ಕಿಂಗ್‌ನ ಚಕ್ರ 18 ಇಂಚಿನದು, ಹಳೇ ಜಾವಾದ್ದು 16 ಇಂಚಿನದು. 18 ಇಂಚಿನ ಟೈರು ಇವತ್ತಿಗೂ ಸಾಮಾನ್ಯ ಬೈಕುಗಳಿಗೆ ಬರುವುದರಿಂದ ಸಿಗೋದು ಸುಲಭ. ಎರಡು ಟೈರು, ಎರಡು ಟ್ಯೂಬು, ರಿಮ್ ಟೇಪು ಸೇರಿ ನಾಲ್ಕೈದು ಸಾವಿರ. ಇಷ್ಟು ದುಡ್ಡಿಗೆ ಏನು ಸಿಗುತ್ತೆ? ಪಠ್ಯಪುಸ್ತಕದ ಲೆಕ್ಕ ಹಾಕಿ. ಟೈರು ಮತ್ತು ರಸ್ತೆಯ ಹಿಡಿತದ ಅಂಕಿ 0.7 ಇದ್ದರೆ 60 ಕಿ.ಮೀ. ವೇಗದಲ್ಲಿ ಬ್ರೇಕು ಕಚ್ಚಿದ ಮೇಲೆ ನಿಲ್ಲೋಕೆ ಸುಮಾರು 20 ಮೀಟರ್ ಬೇಕು. ಗಟ್ಟಿಯಾದ ಹಳೇ ರಬ್ಬರಿನಿಂದ ಅದು 0.5ಕ್ಕೆ ಇಳಿದರೆ ಸುಮಾರು 28 ಮೀಟರ್. ವ್ಯತ್ಯಾಸ 8 ಮೀಟರ್, ಅಂದರೆ ಮೂರು ಆಟೋ ಸಾಲಾಗಿ ನಿಂತಷ್ಟು ಜಾಗ. ನಾಲ್ಕೈದು ಸಾವಿರಕ್ಕೆ ಇಷ್ಟು ಜಾಗ ಕೊಡುವ ಬೇರೆ ಯಾವ ಬಿಡಿಭಾಗವೂ ನನಗೆ ತೋಚಲ್ಲ.

ಎರಡನೆಯದು ಬೇರಿಂಗು ಮತ್ತು ಸ್ಪೋಕು. ಬೇರಿಂಗಿಗೆ 'ಯೆಜ್ಡಿ ಬೇರಿಂಗ್' ಅಂತ ಹುಡುಕಬೇಡಿ. ಹಳೇ ಬೇರಿಂಗಿನ ಮೇಲೆ ನಂಬರ್ ಕೊರೆದಿರುತ್ತೆ, ಅದನ್ನು ಹಿಡಿದು ಬೇರಿಂಗ್ ಅಂಗಡಿಗೆ ಹೋಗಿ. ಅದೇ ನಂಬರಿನದು ಒಳ್ಳೇ ಕಂಪನಿಯದ್ದು ಕೆಲವು ನೂರು ರೂಪಾಯಿಗೆ ಸಿಗುತ್ತೆ. ತುಕ್ಕು ಹಿಡಿದ ಸ್ಪೋಕ್ ಬದಲಿಸಿ, ಬೆಂಡು ತೆಗೆಸಿ. ರಿಮ್ಮು ಒಳಗಿಂದ ತುಕ್ಕು ತಿಂದಿದ್ದರೆ ಮಾತ್ರ ಹೊಸದು.

ಮೂರನೆಯದು ಮುಂದಿನ ಫೋರ್ಕು. ಹಳೇ ಎಣ್ಣೆ ಇಳಿಸಿ ನೋಡಿ, ಎಷ್ಟೋ ಸಲ ಬರೋದು ಕಪ್ಪು ನೀರು. ಹೊಸ ಆಯಿಲ್ ಸೀಲ್, ಹೊಸ ಫೋರ್ಕ್ ಆಯಿಲ್, ಎರಡೂ ಕಾಲಿಗೆ ಕೈಪಿಡಿಯಲ್ಲಿ ಹೇಳಿದಷ್ಟು, ಅಳತೆ ಮಾಡಿ, ಸಮನಾಗಿ. ಖರ್ಚು ಸಾವಿರದ ಆಸುಪಾಸು. ನಿಜವಾದ 'ಟ್ಯೂನಿಂಗ್' ಇಲ್ಲಿ ಅಗ್ಗದಲ್ಲಿ ಸಿಗುತ್ತೆ: ಸ್ವಲ್ಪ ಮಂದ ಎಣ್ಣೆ ಹಾಕಿದರೆ ಡ್ಯಾಂಪಿಂಗ್ ಹೆಚ್ಚುತ್ತೆ, ಬ್ರೇಕ್ ಹಿಡಿದಾಗ ಮೂತಿ ಮುಳುಗೋ ವೇಗ ಕಮ್ಮಿಯಾಗುತ್ತೆ. ಅತಿ ಮಂದ ಹಾಕಿದರೆ ಸಣ್ಣ ಸಣ್ಣ ಉಬ್ಬಿಗೂ ಕೈಗೆ ಏಟು ಬೀಳುತ್ತೆ. ಒಂದು ಹಂತ ಮಂದಕ್ಕೆ ಹೋಗಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಫೋರ್ಕಿನ ಕೊಳವೆಯ ಮೇಲೆ ತುಕ್ಕಿನ ಗುಳಿ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಇಲ್ಲದಿದ್ದರೆ ಹೊಸ ಸೀಲು ತಿಂಗಳೊಳಗೆ ಹರಿಯುತ್ತೆ.

ನಾಲ್ಕನೆಯದು ಸ್ವಿಂಗ್ ಆರ್ಮ್ ಬುಷ್. ಯಾರ ಕಣ್ಣಿಗೂ ಬೀಳದ ಭಾಗ. ತಿರುವಿನಲ್ಲಿ ಗಾಡಿ ಹಾವಿನ ಹಾಗೆ ನುಲಿದರೆ ಬಹಳ ಸಲ ಕಾರಣ ಇದೇ. ರೆಡಿ ಬುಷ್ ಸರಿಯಾದ ಅಳತೆಯದು ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಗನ್‌ಮೆಟಲ್ ಬುಷ್ ಕೊರೆಸಬಹುದು. ಶಾಫ್ಟನ್ನು ಜೊತೆಗೆ ತೆಗೆದುಕೊಂಡು ಹೋಗಿ, ಹಳೇ ಬುಷ್ ನೋಡಿ ಅಳತೆ ತೆಗೆದರೆ ಸವೆತವೂ ಅಳತೆಯಲ್ಲಿ ಸೇರಿಹೋಗುತ್ತೆ.

ಐದನೆಯದು ಹಿಂದಿನ ಶಾಕಬ್ಸರು. ಇದು ಕೊನೆಗೆ ಬರೋದಕ್ಕೆ ಕಾರಣವಿದೆ. ಮೇಲಿನ ನಾಲ್ಕು ಸರಿಯಾಗದೆ ಹೊಸ ಶಾಕಬ್ಸರ್ ಹಾಕಿದರೆ ಅದರ ಗುಣ ಗೊತ್ತೇ ಆಗಲ್ಲ. ಬದಲಿಸುವಾಗ ಎರಡು ಅಳತೆ ಮುಖ್ಯ. ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿನವರೆಗಿನ ಉದ್ದ, ಮತ್ತು ಸ್ಪ್ರಿಂಗಿನ ಗಡಸು. ಉದ್ದ ಹೆಚ್ಚಾದರೆ ಹಿಂಭಾಗ ಏಳುತ್ತೆ, ಮುಂದಿನ ಫೋರ್ಕಿನ ಓರೆ ಕಮ್ಮಿಯಾಗಿ ಹ್ಯಾಂಡಲ್ ಚುರುಕಾಗುತ್ತೆ, ಹೆದ್ದಾರಿಯಲ್ಲಿ ನಡುಗಲೂಬಹುದು. ಬುಲೆಟ್ಟಿನ ಶಾಕಬ್ಸರ್ ಗಟ್ಟಿ ಅಂತ ತಂದು ಹಾಕುವವರಿದ್ದಾರೆ. ಬುಲೆಟ್ ಹೆಚ್ಚು ಭಾರದ ಗಾಡಿ, ಅದರ ಸ್ಪ್ರಿಂಗ್ ಯೆಜ್ಡಿಗೆ ಕಲ್ಲಿನ ಹಾಗೆ. ಒಂದು ಬದಿಯದು ಮಾತ್ರ ಹೋಗಿದೆ ಅಂತ ಒಂದನ್ನೇ ಬದಲಿಸೋದೂ ತಪ್ಪು. ಐಸಿಎಫ್ ಕೋಚಿನ ಸ್ಪ್ರಿಂಗುಗಳನ್ನು ಭಾರ ಹೇರಿ ಅಳೆದು ಎ, ಬಿ, ಸಿ ಅಂತ ಗುಂಪು ಮಾಡಿ, ಬಣ್ಣದ ಗುರುತು ಹಾಕಿ, ಒಂದು ಬೋಗಿಗೆ ಒಂದೇ ಗುಂಪಿನವನ್ನು ಹಾಕುವ ಪದ್ಧತಿ ಇದೆ. ಅದೇ ಶಿಸ್ತು ಬೈಕಿಗೂ ಬೇಕು. ಹಾಕಿದರೆ ಜೋಡಿಯನ್ನೇ ಹಾಕಿ.

ಎಲ್ಲ ಸೇರಿ, ಕೂಲಿಯನ್ನೂ ಲೆಕ್ಕ ಹಿಡಿದರೆ, ಹತ್ತರಿಂದ ಹದಿನೈದು ಸಾವಿರದೊಳಗೆ ಮುಗಿಯುವ ಕೆಲಸ. ಒಟ್ಟಿಗೆ ಆಗದಿದ್ದರೆ ತಿಂಗಳಿಗೊಂದರಂತೆ ಮಾಡಬಹುದು. ಅಲಾಯ್, ಡಿಸ್ಕ್, ಬೇರೆ ಗಾಡಿಯ ಫೋರ್ಕು ಅಂತ ಹೊರಟರೆ ಇದರ ಹಲವು ಪಟ್ಟು ಖರ್ಚಾಗುತ್ತೆ.

ಕಾನೂನು ಎಲ್ಲಿ ಎಡವುತ್ತೆ

ಈಗ ರಾಜಕೀಯದ ಮಾತು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು: ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಕಾಯ್ದೆಯೇ 'ಬದಲಾವಣೆ' ಅಂದರೆ ಏನು ಅಂತ ಹೇಳಿದೆ: ಗಾಡಿಯ ಮೂಲ ಸ್ವರೂಪವೇ ಬೇರೆಯಾಗುವಂತೆ ರಚನೆಯನ್ನು ಬದಲಿಸೋದು. ಹಳೇ ಅಳತೆಯದೇ ಟೈರು, ಹಳೇ ಅಳತೆಯದೇ ಬುಷ್, ಅದೇ ಉದ್ದದ ಶಾಕಬ್ಸರ್ ಇವೆಲ್ಲ ದುರಸ್ತಿ. ಚಾಸಿ ಕತ್ತರಿಸೋದು ಬದಲಾವಣೆ. ಈ ಗೆರೆ ಸರಿಯಾಗಿಯೇ ಇದೆ, ಇರಬೇಕು ಕೂಡ. ಮೊನೋಶಾಕಿಗೆ ಅಂತ ಎಲ್ಲೋ ಬೆಸೆದ ಚಾಸಿ ಹೆದ್ದಾರಿಯಲ್ಲಿ ಬಿಟ್ಟರೆ ಸಾಯೋದು ಓಡಿಸಿದವನೊಬ್ಬನೇ ಆಗಿರಲ್ಲ.

ತೊಡಕು ಇರೋದು ಇನ್ನೊಂದು ಕಡೆ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಬೈಕುಗಳ ನವೀಕರಣ ಶುಲ್ಕ 300ರಿಂದ 1,000 ರೂ.ಗೆ ಏರಿತು. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಬೈಕುಗಳಿಗೆ ಅದು 2,000 ರೂ. ಆಯಿತು, ಕಾರುಗಳಿಗೆ 10,000 ರೂ. ಇದರ ಹಿಂದಿನ ತರ್ಕ ಸರಳ: ಹಳೇ ಗಾಡಿ ದುಬಾರಿಯಾಗಲಿ, ಜನ ಗುಜರಿಗೆ ಹಾಕಲಿ.

ಇತ್ತ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, 'ವಿಎ' ಅನ್ನೋ ವಿಶೇಷ ನಂಬರ್, ಹೊಸ ನೋಂದಣಿಗೆ 20,000 ರೂ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ರೋಡ್‌ಕಿಂಗ್ ಬಂದಿದ್ದು 1978ರಲ್ಲಿ. ಅಂದರೆ ಮೊತ್ತಮೊದಲ ರೋಡ್‌ಕಿಂಗ್‌ಗೂ 50 ತುಂಬುವುದು 2028ಕ್ಕೆ, ಕೊನೆಯದಕ್ಕೆ 2046ಕ್ಕೆ. 15 ಮತ್ತು 50ರ ನಡುವಿನ ಈ 35 ವರ್ಷದಲ್ಲಿ ಗಾಡಿ ಸರ್ಕಾರದ ಕಣ್ಣಿಗೆ ಹೊಸದೂ ಅಲ್ಲ, ಪರಂಪರೆಯೂ ಅಲ್ಲ, ಗುಜರಿಗೆ ಹೋಗಬೇಕಾದ ಸರಕು. ದುಡ್ಡಿದ್ದವರ ಗ್ಯಾರೇಜಿನಲ್ಲಿ ಮುಸುಕು ಹಾಕಿಕೊಂಡು ಈ 35 ವರ್ಷ ಕಳೆಯುವ ಗಾಡಿ ಮುಂದೊಂದು ದಿನ ಪರಂಪರೆಯಾಗುತ್ತೆ. ದುಡಿಯುವವರ ಮನೆಯಲ್ಲಿ ದಿನಾ ಓಡುವ ಗಾಡಿ ಆ ಹೊತ್ತಿಗೆ ಕರಗಿ ಕಬ್ಬಿಣವಾಗಿರುತ್ತೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಸುರಕ್ಷತೆಯದು. 2,000 ರೂ. ಶುಲ್ಕ ಟೈರನ್ನು ಹೊಸದು ಮಾಡಲ್ಲ. ಅದೇ ದುಡ್ಡಲ್ಲಿ ಬೇರಿಂಗು, ಸೀಲು, ಫೋರ್ಕ್ ಆಯಿಲು ಬರುತ್ತಿತ್ತು. ಗಟ್ಟಿ ಟೈರಿನ ಎಂಟು ವರ್ಷದ ಗಾಡಿ ಹೊಸ ಟೈರಿನ 30 ವರ್ಷದ ಗಾಡಿಗಿಂತ ಅಪಾಯಕಾರಿ. ಆದರೆ ಎಂಟು ವರ್ಷದ ಬೈಕಿನ ಟೈರು, ಶಾಕಬ್ಸರ್ ಹೇಗಿದೆ ಅಂತ ಕೇಳುವ ವ್ಯವಸ್ಥೆಯೇ ಇಲ್ಲ, ಅದರ ನವೀಕರಣ ಇನ್ನೂ ಏಳು ವರ್ಷ ದೂರ. ವಯಸ್ಸು ಎಣಿಸೋದು ಸುಲಭ, ಸ್ಥಿತಿ ಅಳೆಯೋದು ಕಷ್ಟ. ಅದಕ್ಕೇ ಕಾನೂನು ಸುಲಭದ ದಾರಿ ಹಿಡಿದಿದೆ.

ಅಶೋಕಪುರಂನ ವರ್ಕ್‌ಶಾಪ್ ಇಲ್ಲಿ ನೆನಪಾಗಬೇಕು. ರೈಲ್ವೆ ತನ್ನ ಐಸಿಎಫ್ ಕೋಚಿಗೆ 15 ವರ್ಷ ಆಯ್ತು ಅಂತ ದಂಡ ಹಾಕಿಕೊಳ್ಳಲ್ಲ. ನಿಗದಿತ ಅವಧಿಗೊಮ್ಮೆ ಬಿಚ್ಚಿ, ಅಳೆದು, ಸರಿಪಡಿಸಿ ಹಳಿಗೆ ಬಿಡುತ್ತೆ. ಪ್ರಯಾಣಿಕರನ್ನು ಹೊರುವ ಆಯಸ್ಸು ಮುಗಿದ ಕೋಚುಗಳನ್ನೂ ಬದಲಾಯಿಸಿ, ಹೊಸ ಕಾರುಗಳನ್ನು ಕಾರ್ಖಾನೆಯಿಂದ ಸಾಗಿಸಲು ಬಳಸುತ್ತೆ. ಅಂದರೆ ಸರ್ಕಾರಕ್ಕೆ ಸ್ಥಿತಿ ಅಳೆಯೋದು ಗೊತ್ತಿದೆ. ತನ್ನ ಆಸ್ತಿಗೆ ಒಂದು ತರ್ಕ, ನಾಗರಿಕನ ಆಸ್ತಿಗೆ ಇನ್ನೊಂದು ತರ್ಕ ಅಷ್ಟೇ.

ಹೊಗೆಯ ಪ್ರಶ್ನೆ

ಟೂ ಸ್ಟ್ರೋಕ್ ಗಾಡಿ ಹೊಗೆ ಕಾರುತ್ತಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಟೂ ಸ್ಟ್ರೋಕ್ ಎಂಜಿನ್ ಉರಿಯದ ಪೆಟ್ರೋಲನ್ನೂ ಎಣ್ಣೆಯನ್ನೂ ಹೊರಗೆ ಬಿಡುತ್ತೆ, ಅದಕ್ಕೆ ಸಮರ್ಥನೆ ಇಲ್ಲ. ಎಲ್ಲರೂ ದಿನಾ ರೋಡ್‌ಕಿಂಗ್‌ನಲ್ಲೇ ಆಫೀಸಿಗೆ ಹೋಗಿ ಅಂತ ನಾನು ಹೇಳ್ತಿಲ್ಲ. ಹೊಗೆಗೆ ಬೇರೆ ಪರೀಕ್ಷೆ ಇದೆ, ಅದನ್ನು ಪ್ರಾಮಾಣಿಕವಾಗಿ ಮಾಡಲಿ, ಫೇಲಾದ ಗಾಡಿಯನ್ನು ನಿಲ್ಲಿಸಲಿ. ಅದೂ ಸ್ಥಿತಿಯನ್ನು ಅಳೆಯುವ ದಾರಿಯೇ. ಅಲ್ಲದೆ ಈ ಬರಹದ ಮುಕ್ಕಾಲು ಪಾಲು ಯೆಜ್ಡಿಗೆ ಮಾತ್ರ ಸೇರಿದ್ದಲ್ಲ. 18 ವರ್ಷದ ಸ್ಪ್ಲೆಂಡರಿನಲ್ಲಿ ಹಾಲು ಹಾಕುವವರಿಗೆ, ಹಳೇ ಮಾರುತಿ 800ರಲ್ಲಿ ತರಕಾರಿ ಸಾಗಿಸುವವರಿಗೆ ಇದೇ ಟೈರು, ಬುಷ್, ಬೇರಿಂಗಿನ ಲೆಕ್ಕ ಅನ್ವಯಿಸುತ್ತೆ. ಅವರಿಗೆ ಇದು ಹವ್ಯಾಸ ಅಲ್ಲ, ಹೊಟ್ಟೆಪಾಡು.

ಏನು ಕೇಳಬೇಕು

2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿ ಹಕ್ಕು' ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತುಗಳ ಜೊತೆ ವಾಹನವೂ ಆ ಪಟ್ಟಿಯಲ್ಲಿದೆ. ಆದರೆ ಅದು ಬದುಕಿರುವ ಕಂಪನಿಗಳ ಸಂಪರ್ಕ, ಕೈಪಿಡಿ ಒದಗಿಸುವ ಜಾಗ. ಕಂಪನಿಯೇ ಮುಚ್ಚಿದರೆ? ಯೆಜ್ಡಿಯ ಹೆಸರು 2022ರಲ್ಲಿ ಹೊಸ ಕಂಪನಿಯ ಕೈಯಲ್ಲಿ ಮರಳಿ ಬಂತು, ಆದರೆ ಅದು 334 ಸಿಸಿಯ, ನೀರಿನಿಂದ ತಣಿಯುವ, ಫೋರ್ ಸ್ಟ್ರೋಕ್ ಎಂಜಿನ್ನಿನ ಬೇರೆಯದೇ ಗಾಡಿ. ಹೆಸರಿಗೆ ವಾರಸುದಾರರು ಸಿಕ್ಕರು, ಹಳೇ ಗಾಡಿಯ ಬುಷ್ಷಿಗೆ ಸಿಗಲಿಲ್ಲ.

ಹಾಗಾಗಿ ಮೂರು ಬೇಡಿಕೆ. ಒಂದು, ಕಂಪನಿ ಒಂದು ಮಾದರಿಯ ಬಿಡಿಭಾಗ ಮಾಡುವುದನ್ನು ನಿಲ್ಲಿಸಿದಾಗ, ಬ್ರೇಕು, ಚಕ್ರ, ಸಸ್ಪೆನ್ಶನ್ನಿನಂತಹ ಸುರಕ್ಷತೆಯ ಭಾಗಗಳ ಅಳತೆ ಮತ್ತು ನಕ್ಷೆಯನ್ನಾದರೂ ಸಾರ್ವಜನಿಕವಾಗಿ ಬಿಡುಗಡೆ ಮಾಡಬೇಕು. ಆಗ ಲೇತ್ ಅಂಗಡಿಯವರು ಸವೆದ ಬುಷ್ ನೋಡಿ ಅಳತೆ ಊಹಿಸುವ ಗತಿ ಬರಲ್ಲ. ಎರಡು, ನವೀಕರಣದ ಶುಲ್ಕ ವಯಸ್ಸಿನ ಬದಲು ತಪಾಸಣೆಗೆ ತಕ್ಕಂತೆ ಇರಬೇಕು. ಟೈರು, ಬ್ರೇಕು, ಬೇರಿಂಗು, ಡ್ಯಾಂಪಿಂಗ್ ಪಾಸಾದರೆ ಕಮ್ಮಿ, ಫೇಲಾದರೆ ಸರಿಪಡಿಸಿಕೊಂಡು ಬರಲು ಕಾಲಾವಕಾಶ. ಮೂರು, ಈ ಕೆಲಸ ಮಾಡುವ ಮೆಕ್ಯಾನಿಕ್, ಲೇತ್, ಸ್ಪೋಕ್ ಕಸುಬಿನವರಿಗೆ ಮಾನ್ಯತೆ. ಶಾಲೆಯ ಹೊರಗೆ ಕಲಿತ ಕೌಶಲಕ್ಕೆ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲೇ ಇದೆ. ಅದನ್ನು ಗ್ಯಾರೇಜಿನ ಬಾಗಿಲಿಗೆ ತರಬೇಕು. ಅವರು ಮಾಡಿದ ದುರಸ್ತಿಯ ಬಿಲ್ಲಿಗೆ ಆರ್‌ಟಿಒ ಕಚೇರಿಯಲ್ಲಿ ಬೆಲೆ ಸಿಗಬೇಕು.

ರಿಮ್ಮಿನ ಬೆಂಡನ್ನು ಕಣ್ಣಳತೆಯಲ್ಲೇ ತೆಗೆಯುವ ಕೈಗಳು ಹೆಚ್ಚು ವರ್ಷ ಇರಲ್ಲ. ಹೊಸ ಬೈಕುಗಳಲ್ಲಿ ಸ್ಪೋಕೇ ಕಮ್ಮಿಯಾಗ್ತಿರುವಾಗ ಈ ಕಸುಬನ್ನು ಕಲಿಯೋಕೆ ಹೊಸ ಹುಡುಗರು ಯಾಕೆ ಬರುತ್ತಾರೆ? ಹಳೇ ಗಾಡಿಯನ್ನು ಅಗ್ಗದಲ್ಲಿ ಸುರಕ್ಷಿತವಾಗಿಡುವ ಜ್ಞಾನ ಮೈಸೂರಿನಲ್ಲಿ ಯಾದವಗಿರಿಯ ಕಾರ್ಖಾನೆ ಮುಚ್ಚಿದ ಮೇಲೂ ಉಳಿದಿದ್ದು ಸಣ್ಣ ಗ್ಯಾರೇಜುಗಳಿಂದ. ಅದಕ್ಕೆ ಒಂದು ಪೈಸೆ ಸಬ್ಸಿಡಿ ಇರಲಿಲ್ಲ. ಗಾಡಿಯ ಹುಟ್ಟಿದ ವರ್ಷ ನೋಡಿ ರಸೀದಿ ಹರಿಯುವ ಮೊದಲು, ಅದರ ಸೀಟನ್ನು ಒಮ್ಮೆ ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತೆ ಅಂತಾದರೂ ಸರ್ಕಾರ ನೋಡಲಿ.